ಮಣೆ ಹಿಡಿದು ನಿಂತ ಮಿಸ್ತ್ರಿ

ಮೊನ್ನೆ ಹುಕ್ಕೇರಿಯಿಂದ ಬೈಕಿನಲ್ಲಿ ಊರಿಗೆ ಬರುತ್ತಿದ್ದೆ. ಧುಪದಾಳದ ಹತ್ತಿರ ಕಬ್ಬು ಹೇರಿದ ಹಳೆಯ ಲಾರಿಯೊಂದು ಮುಂದೆ ಹೋಗುತ್ತಿತ್ತು, ಹಿಂದೆ ನೀಲಿ ಹೊಗೆ. ಡೀಸೆಲ್ ಹೊಗೆ ಮೂಗಿಗೆ ಬಡಿದು ಹೋಗಿಬಿಡುತ್ತದೆ. ಇಂಜಿನ್ ಎಣ್ಣೆ ಸುಟ್ಟ ವಾಸನೆ ಹಾಗಲ್ಲ, ಒಲೆಯ ಮೇಲೆ ಮರೆತ ಬಾಣಲೆಯ ಹಾಗೆ ಗಂಟಲಲ್ಲಿ ಕೂತುಬಿಡುತ್ತದೆ. ಬೈಕನ್ನು ರಸ್ತೆಯ ಬದಿಗೆ ಹಾಕಿ ಲಾರಿ ಕಣ್ಮರೆಯಾಗುವವರೆಗೆ ನಿಂತೆ. ನಾನು ಹುಡುಗರಿಗೆ ಡೀಸೆಲ್ ಇಂಜಿನ್ ಪಾಠ ಹೇಳುವವನು. ಆದರೂ ಆ ವಾಸನೆಗೆ ಇಂದಿಗೂ ಹೆದರುತ್ತೇನೆ. ವರ್ಷಗಳ ಹಿಂದೆ ಒಂದು ಗ್ಯಾರೇಜಿನ ಅಂಗಳದಲ್ಲಿ ತುಂಬಿಕೊಂಡಿದ್ದ ವಾಸನೆ ಅದೇ...

ಆ ಗ್ಯಾರೇಜಿನ ಮಿಸ್ತ್ರಿ ಹೋದ ತಿಂಗಳು ತೀರಿಕೊಂಡರು. ನಾವೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು. ಗೋಕಾಕದಿಂದ ಕೊಣ್ಣೂರಿಗೆ ಹೋಗುವ ರಸ್ತೆಯ ಬದಿಗೆ ನಾಲ್ಕು ತಗಡು, ಒಂದು ಬೇವಿನ ಮರ, ನೀರಿನ ಒಂದು ಬಾನಿ. ಗ್ಯಾರೇಜೆಂದರೆ ಅಷ್ಟೇ. ಸಣಕಲು ಮನುಷ್ಯ. ಡ್ರೈವರುಗಳ ಬಾಯಲ್ಲಿ ಅವರ ಹೆಸರು ಅಂಜುಬುರಕ ಮಿಸ್ತ್ರಿ ಎಂದೇ ಇತ್ತು. ಇಂಜಿನ್ನಿಗೆ ಹಾಗೆ ಅಂಜುವ ಮಿಸ್ತ್ರಿಯನ್ನು ನಾನು ಮತ್ತೆ ನೋಡಿಲ್ಲ. ಇಂಜಿನ್ ಎಣ್ಣೆ ಕುಡಿಯುವ ಗಾಡಿ ಬಂದರೆ ಮೊದಲು ಮರದ ಬುಡದಿಂದ ಒಂದು ಹಳೆಯ ಊಟದ ಮಣೆ ತರುತ್ತಿದ್ದರು. ಅದನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡು ನಿಂತ ಮೇಲೆಯೇ "ಹೂಂ, ಈಗ ಚಾಲೂ ಮಾಡ್ರಿ" ಎನ್ನುತ್ತಿದ್ದರು.

"ಏನ್ರಿ ಚಾಚಾ, ಪಂಗತಿಗೆ ಕುಂಡ್ರಾಕ ಹೊಂಟೀರೇನು?" ಎಂದು ಚಹಾದಂಗಡಿಯಿಂದ ಯಾರಾದರೂ ಕೂಗುವರು.

"ಹೌದೋ, ನಿನ್ನ ತಿಥಿ ಊಟಕ್ಕ!" ಎನ್ನುವರು ಚಾಚಾ.

ಎಲ್ಲರೂ ನಗುತ್ತಿದ್ದರು. ಚಾಚಾ ಮಾತ್ರ ನಗುತ್ತಿರಲಿಲ್ಲ. ಅವರಿಗೆ ಕೆಲಸ ಕಲಿಸಿದ ಉಸ್ತಾದರಿಗೆ ಇಂಜಿನ್ನಿಂದಲೇ ಏನೋ ಆಗಿತ್ತಂತೆ, ಒಂದು ಕಣ್ಣು... ಅದನ್ನು ಅವರು ಪೂರ್ತಿ ಹೇಳಿದ್ದು ನನಗೆ ನೆನಪಿಲ್ಲ.

ಅಪ್ಪನದು ಸ್ವಂತ ಲಾರಿ. ತುಕ್ಕಾನಟ್ಟಿಯಿಂದ ಗೋವಿನಜೋಳ, ಮೂಡಲಗಿ ಕಡೆಯಿಂದ ಬೆಲ್ಲ ಹೇರಿಕೊಂಡು ಹೋಗುತ್ತಿದ್ದ. ಗಾಡಿ ಎಷ್ಟು ಲಕ್ಷ ಕಿಲೋಮೀಟರ್ ಓಡಿತ್ತೋ ಗೊತ್ತಿಲ್ಲ, ಮೀಟರು ನಿಂತೇ ವರ್ಷಗಳಾಗಿದ್ದವು. ನಾನು ಆಗಷ್ಟೇ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿದ್ದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಅದೇ ಲಾರಿಯ ಕ್ಯಾಬಿನ್ನಿನಲ್ಲಿ ಕೂತು ಓದಿದ್ದೆ, ಗಣಿತದಲ್ಲಿ ಎರಡು ಸಲ ಬಿದ್ದು ಎದ್ದಿದ್ದೆ. ಆ ಡಿಗ್ರಿಯ ಬಗ್ಗೆ ಇವತ್ತಿಗೂ ನನಗೆ ಹೆಮ್ಮೆ ಇದೆ, ಮುಚ್ಚಿಡುವುದಿಲ್ಲ. ಅಪ್ಪನಿಗೆ ನನಗಿಂತ ಹೆಚ್ಚು.

ಆ ವರ್ಷ ಗಾಡಿ ಎಣ್ಣೆ ಕುಡಿಯತೊಡಗಿತು. ಬೆಳಿಗ್ಗೆ ಇಂಜಿನ್ ಎಣ್ಣೆ ತುಂಬಿಸಿ ಹೊರಟರೆ ಸಂಜೆಗೆ ಅಳತೆ ಕಡ್ಡಿಯ ತುದಿಯಷ್ಟೇ ತೊಯ್ಯುತ್ತಿತ್ತು. ನೆಲದ ಮೇಲೆ ಒಂದು ಹನಿ ಇಲ್ಲ. ನಾನು ಸೈಲೆನ್ಸರಿನ ಬಾಯೊಳಗೆ ಬೆರಳು ಹಾಕಿ ಜಿಡ್ಡು ನೋಡಿದೆ, ನೀಲಿ ಹೊಗೆ ನೋಡಿದೆ, ಪುಸ್ತಕದಲ್ಲಿ ಓದಿದ್ದನ್ನು ಹೇಳಿದೆ. "ಪಿಸ್ಟನ್ ರಿಂಗ್ ಸವದಾವ ಅಪ್ಪಾ. ಹಂಗಾಮು ಮುಗಿಯೋತನಾ ಎಣ್ಣಿ ಹಾಕ್ಕೋತ ಹೊಡಿ. ಏನೂ ಆಗಂಗಿಲ್ಲ."

ಏನೂ ಆಗಂಗಿಲ್ಲ ಎಂದಿದ್ದೆ. ಅಪ್ಪ ಎರಡನೇ ಮಾತು ಕೇಳಲಿಲ್ಲ. ಯಾರಾದರೂ ಹೊಗೆಯ ಬಗ್ಗೆ ಎತ್ತಿದರೆ "ನಮ್ಮ ಹುಡುಗ ನೋಡ್ಯಾನ. ಇಂಜಿನಿಯರ್ ಅದಾನ" ಎನ್ನುತ್ತಿದ್ದ. ಹದಿನೈದು ದಿನ ನನ್ನ ಮಾತಿನ ಮೇಲೆ, ಹೇರು ತುಂಬಿದ ಗಾಡಿಯನ್ನು ಗೋಕಾಕ ಜಲಪಾತದ ಇಳುಕಲಿನಲ್ಲಿ ಇಳಿಸಿದ.

ಹದಿನಾರನೆಯ ದಿನ ಎಣ್ಣೆ ಅರ್ಧ ದಾರಿಗೇ ತಳ ಮುಟ್ಟಿತು. ಅಪ್ಪ ಮತ್ತೆ ತುಂಬಿಸಿ, ನನ್ನನ್ನೂ ಕೂರಿಸಿಕೊಂಡು ಚಾಚಾನ ಹತ್ತಿರ ಬಂದ.

ಚಾಚಾ ಬಾನೆಟ್ ಎತ್ತುವ ಮೊದಲು ಅಪ್ಪನನ್ನು ಕೇಳಿದರು. "ಧಣಿ, ಹೊಗಿ ಜಾಸ್ತಿ ಯಾವಾಗ ಬರತೈತಿ? ಏರಿನ್ಯಾಗೋ, ಇಳುಕಲಿನ್ಯಾಗೋ?"

"ಏರಿನ್ಯಾಗ ಅಷ್ಟಕ್ಕಷ್ಟ ಮಿಸ್ತ್ರಿ. ಗಾಡಿ ಚಾಲೂ ಇಟ್ಟು ಚಹಾ ಕುಡದು ಬಂದು ರೇಸ್ ಕೊಟ್ನೆಂದ್ರ ಮುಗೀತು, ಹಿಂದಿನ ಗಾಡಿ ಕಾಣಂಗಿಲ್ಲ."

ಈ ಪ್ರಶ್ನೆಯನ್ನು ನಾನು ಕೇಳಿಯೇ ಇರಲಿಲ್ಲ. ರಿಂಗ್ ಸವೆದಿದ್ದರೆ ಹೊಗೆ ಏರಿನಲ್ಲೇ ಹೆಚ್ಚಾಗಬೇಕಿತ್ತು. ಚಾಚಾ ಮಣೆ ಹಿಡಿದು ನಿಂತು ಇಂಜಿನ್ ಚಾಲೂ ಮಾಡಿಸಿದರು. ಎಣ್ಣೆ ಹಾಕುವ ಬಾಯಿಯ ಮುಚ್ಚಳವನ್ನು ತೆಗೆದು, ಬೋರಲು ಮಾಡಿ ಆ ಬಾಯಿಯ ಮೇಲೆಯೇ ಇಟ್ಟರು.

"ರಿಂಗ್ ಹೋಗಿದ್ರ ಕೆಳಗಿಂದ ಗಾಳಿ ನುಗ್ಗಿ ಈ ಮುಚ್ಚಳ ಕುಣಿತೈತ್ರಿ ಸಾಹೇಬ್ರ," ಎಂದು ನನಗೆ ಹೇಳಿದರು. "ನೋಡ್ರಿ. ಮಲಕೊಂಡೇತಿ."

ಇಂಜಿನ್ ಬಂದ್ ಮಾಡಿಸಿ, ಗಾಳಿ ಎಳೆಯುವ ಪೈಪನ್ನು ಬಿಚ್ಚಿ ಟರ್ಬೋದ ಬಾಯಿ ತೆರೆದರು. ಟರ್ಬೋ ಎಂದರೆ ಇಂಜಿನ್ನಿಗೆ ಗಾಳಿ ತುಂಬುವ ಪುಟ್ಟ ಚಕ್ರ. ಚಾಚಾ ಅದನ್ನು ಬೆರಳಿನಿಂದ ಅಲ್ಲಾಡಿಸಿದರು. ಸಡಿಲ ಹಲ್ಲಿನ ಹಾಗೆ ಕಟಕಟ ಎಂದಿತು. ಬೆರಳ ತುಂಬ ಎಣ್ಣೆ.

"ಇಲ್ಲಿ ಕುಡಿಯಾಕತ್ತೇತಿ. ಇನ್ನ ಚಾಲೂ ಮಾಡಬ್ಯಾಡ್ರಿ. ಎಣ್ಣಿ ತಡಿಯೋ ಸೀಲ್ ಪೂರ್ತಿ ಹೋತಂದ್ರ ಇಂಜಿನ್ ತನ್ನ ಎಣ್ಣಿ ತಾನ ಕುಡದು ಓಡತೈತಿ. ಕೀಲಿ ತಗದ್ರೂ ನಿಲ್ಲಂಗಿಲ್ಲ, ಡೀಸೆಲ್ ಬಂದ್ ಮಾಡಿದ್ರೂ ನಿಲ್ಲಂಗಿಲ್ಲ. ನಾ ನಮಾಜ್ ಮುಗಿಸಿ ಬರತೇನಿ."

ಅವರು ಮಣೆಯನ್ನು ಬಂಪರಿಗೆ ಆನಿಸಿಟ್ಟು ತಗಡಿನ ಹಿಂದೆ ಹೋದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಶಾಲೆಯ ಮೆಟ್ಟಿಲು ಹತ್ತದ ಮನುಷ್ಯ ಅಪ್ಪನ ಮುಂದೆ ನನ್ನನ್ನು ಸುಳ್ಳು ಮಾಡಿದ್ದರು. ರೇಸ್ ಕೊಟ್ಟಿರಲಿಲ್ಲ, ಅದಕ್ಕೇ ಮುಚ್ಚಳ ಕುಣಿಯಲಿಲ್ಲ, ರೇಸ್ ಕೊಟ್ಟರೆ ಕುಣಿಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

"ಅಪ್ಪಾ, ಒಂದ ಸಲ ಚಾಲೂ ಮಾಡಿ ರೇಸ್ ಕೊಡು."

"ಬ್ಯಾಡ ಅಂದಾರಲ್ಲೋ ತಮ್ಮಾ."

"ಅವರಿಗೆ ಎಲ್ಲಾದಕ್ಕೂ ಅಂಜಿಕಿ. ನಾ ಹೇಳಾಕತ್ತೇನಿ, ಕೊಡು."

ಅಪ್ಪ ಕ್ಯಾಬಿನ್ ಹತ್ತಿದ. ನನ್ನ ಮಾತಿನ ಮೇಲೆಯೇ ಹತ್ತಿದ.

ಎರಡನೆಯ ರೇಸಿಗೆ ಸದ್ದು ಏರಿತು, ಇಳಿಯಲಿಲ್ಲ. ಅಪ್ಪ ಕಾಲು ತೆಗೆದದ್ದು ನನಗೆ ಕಾಣುತ್ತಿತ್ತು, ಇಂಜಿನ್ ಮಾತ್ರ ಏರುತ್ತಲೇ ಹೋಯಿತು. ಕೀಲಿ ತಿರುಗಿಸಿದ, ಬಂದ್ ಮಾಡುವ ವೈರು ಜಗ್ಗಿದ. ಅದು ಕೂಗತೊಡಗಿತು. ಇಂಜಿನ್ನಿಂದ ಅಂಥ ದನಿ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಹೊಗೆ ಅಂಗಳ ತುಂಬಿತು, ಮರ ಕಾಣದಾಯಿತು, ನನ್ನ ಕಾಲ ಕೆಳಗಿನ ನೆಲ ಅದುರುತ್ತಿತ್ತು. ಚಹಾದಂಗಡಿಯವರು "ಒಡಿತೈತಿ, ಓಡ್ರೋ!" ಎಂದು ಕೂಗಿದರು. ಅಪ್ಪ ನನ್ನ ಹೆಸರು ಹಿಡಿದು ಕರೆದ.

ನಾನು ಓಡಿದೆ.

ಮಣೆ ನನ್ನ ಕಾಲ ಹತ್ತಿರವೇ ಇತ್ತು. ಅದನ್ನು ದಾಟಿಕೊಂಡು ಓಡಿದೆ. ರಸ್ತೆಯ ಆಚೆ ತಗ್ಗಿನಲ್ಲಿ ಕಿವಿ ಮುಚ್ಚಿಕೊಂಡು ಕೂತೆ. ಹೊಗೆಯೊಳಗೆ ಬಿಳಿ ಟೊಪ್ಪಿಗೆಯೊಂದು ಎದುರು ದಿಕ್ಕಿಗೆ ನುಗ್ಗಿದ್ದು ಮಾತ್ರ ಕಂಡಿತು. ಆಮೇಲೆ ಒಂದು ದಪ್ಪ ಸದ್ದು, ಬಾಯಿಗೆ ಬಟ್ಟೆ ತುರುಕಿದ ಹಾಗೆ... ಇಂಜಿನ್ ನಿಂತಿತು.

ನಾನು ವಾಪಸು ಬಂದಾಗ ಹೊಗೆ ಇನ್ನೂ ಕಟ್ಟಿಕೊಂಡೇ ಇತ್ತು. ಚಾಚಾ ಟರ್ಬೋದ ಬಾಯಿಗೆ ಮಣೆ ಒತ್ತಿ ಹಿಡಿದಿದ್ದರು. ಗಾಳಿ ಸಿಗದೆ ಅದು ಸತ್ತಿತ್ತು. ಪಕ್ಕದ ಕಾದ ಕಬ್ಬಿಣ ತಗುಲಿ ಅವರ ಬಲಗೈ ಅಂಗೈಯಿಂದ ಮುಂಗೈವರೆಗೆ ಸುಲಿದಿತ್ತು. ಮಣೆಯನ್ನು ನನ್ನ ಕೈಗೆ ತುರುಕಿ ಬಾನಿಯ ಕಡೆ ಓಡಿದರು. ಅದೇ ಹೊತ್ತಿಗೆ ಅಪ್ಪ ಕೆಮ್ಮುತ್ತಾ ಕ್ಯಾಬಿನ್ನಿಂದ ಜಿಗಿದ. ಅವನಿಗೆ ಕಂಡದ್ದು ಮಣೆ ಹಿಡಿದು ನಿಂತ ನಾನು.

"ನೀ ನಿಲ್ಲಿಸಿದೇನೋ! ನನ್ನ ಹುಲಿ!" ಎಂದು ತಬ್ಬಿಕೊಂಡ. ಅವನ ಎದೆ ಬಡಿಯುವುದು ನನ್ನ ಎದೆಗೆ ಕೇಳುತ್ತಿತ್ತು.

ನಾನು ಚಾಚಾನ ಕಡೆ ನೋಡಿದೆ. ಅವರು ಬೆನ್ನು ಹಾಕಿ ಕೂತು ಕೈಯನ್ನು ನೀರಿನಲ್ಲಿ ಅದ್ದಿದ್ದರು. "ಹೌದ್ರಿ ಧಣಿ," ಎಂದರು ತಿರುಗದೆ. "ಇಂಜಿನಿಯರ್ ಅಲ್ಲೇನ್ರಿ ಮತ್ತ."

ಅಪ್ಪ ಚಹಾ ಹೇಳಲು ಹೋದಾಗ ನಾನು ಅವರ ಪಕ್ಕ ಕೂತೆ. ಅವರೇ ಕೇಳಿದರು. "ಹದಿನೈದ ದಿನಾ ಇದನ್ನ ಇಳುಕಲಿನ್ಯಾಗ ಹೊಡದಾರೇನ್ರಿ ನಿಮ್ಮಪ್ಪ?"

"ಹೌದ್ರಿ."

ಕೈಯನ್ನು ನೀರಿನೊಳಗೆ ಇನ್ನಷ್ಟು ಇಳಿಸಿದರು. "ಅಲ್ಲೆ ಹಿಂಗಾಗಿದ್ರ ಈ ಮಣಿ ಇರತಿದ್ದಿಲ್ಲ," ಎಂದರು.

ಟರ್ಬೋ ಬದಲಿಸಿದ ಮೇಲೆ ಗಾಡಿ ಎಣ್ಣೆ ಕುಡಿಯುವುದನ್ನು ಬಿಟ್ಟಿತು. ರಿಂಗುಗಳು ಆಮೇಲೂ ವರ್ಷಗಟ್ಟಲೆ ಬಾಳಿದವು. ನಾನು ಮಾತ್ರ ಆ ಗ್ಯಾರೇಜಿನ ಮುಂದೆ ಹೋಗುವಾಗ ತಲೆ ತಗ್ಗಿಸಿಕೊಂಡು ಹೋಗುವವನಾದೆ. ಅಪ್ಪ ಮದುವೆಯಲ್ಲಿ, ಸಂತೆಯಲ್ಲಿ, ಬೀಗರ ಮುಂದೆ ಮಗ ಜೀವ ಉಳಿಸಿದ ಕತೆ ಹೇಳುತ್ತಾ ಬಂದ. ಪ್ರತಿ ಸಲ ನಾನು ನಿಜ ಹೇಳದೆ ಎದ್ದು ಹೋಗುತ್ತಿದ್ದೆ. ಇವತ್ತು ಹೇಳಿದರಾಯಿತು, ನಾಳೆ ಹೇಳಿದರಾಯಿತು... ಅಂದು ಇಂಜಿನ್ನಿಗೆ ಹೆದರಿದ್ದೆ. ಆಮೇಲೆ ಹೆದರಿದ್ದು ಅಪ್ಪನ ಮುಖಕ್ಕೆ.

ಚಾಚಾ ತೀರಿಕೊಂಡ ಸುದ್ದಿ ಬಂದಾಗ ಅಪ್ಪ, ನಾನು ಇಬ್ಬರೂ ಹೋಗಿ ಬಂದೆವು. ಅವರ ಹೆಂಡತಿ ಚಾಚಿ ಗೋಡೆಗೆ ಆತುಕೊಂಡು ಕೂತಿದ್ದರು. ಅಪ್ಪ ನನ್ನ ಹೆಗಲ ಮೇಲೆ ಕೈ ಇಟ್ಟು ಶುರು ಮಾಡಿಯೇಬಿಟ್ಟ. "ಇವನ ನೋಡ್ರಿ, ಆವತ್ತ ನಿಮ್ಮ ಗ್ಯಾರೇಜಿನ್ಯಾಗ ನನ್ನ ಜೀವಾ ಉಳಿಸಿದಾಂವ."

"ಗೊತ್ತೈತ್ರಿ ಅಣ್ಣಾರ," ಎಂದರು ಚಾಚಿ. "ಅವ್ರೂ ಹೇಳತಿದ್ರು. ಭಾಳ ಧೈರ್ಯದ ಹುಡುಗ ಅಂತ."

ತಮ್ಮ ಮನೆಯಲ್ಲೂ ಹಾಗೇ ಹೇಳಿದ್ದರು. ನನಗೆ ತಡೆಯಲಾಗಲಿಲ್ಲ. "ನಾ ಅಲ್ಲರಿ ಚಾಚಿ. ನಾ ಓಡಿ ಹೋಗಿದ್ದೆ. ನಿಲ್ಲಿಸಿದವ್ರು ಚಾಚಾ."

ಅಪ್ಪನ ಕೈ ನನ್ನ ಹೆಗಲ ಮೇಲೆ ಇನ್ನೂ ಒಂದು ಗಳಿಗೆ ಇತ್ತು, ಆಮೇಲೆ ಇರಲಿಲ್ಲ. ಚಾಚಿ ನನ್ನನ್ನೇ ನೋಡಿದರು. "ಹಂಗಾರ ಆ ಕೈ ಸುಟ್ಟದ್ದು... ರೇಡಿಯೇಟರ್ ನೀರು ಬಿತ್ತು ಅಂದಿದ್ರಲ್ಲೋ ನನಗ! ತಿಂಗಳಗಟ್ಲೆ ತುತ್ತ ಮಾಡಿ ಉಣಿಸೇನಿ." ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಅಂಜುಬುರಕ ಅಂತ ನಾನೂ ಅಂತಿದ್ನಿ ಅವ್ರಿಗೆ. ಕಡೀತನಾ ಅಂದೆ."

ಬೈಕಿನ ಹಿಂದೆ ಕೂತು ಊರಿಗೆ ಬಂದ ಅಪ್ಪ ಮನೆಯ ಮುಂದೆ ಇಳಿದು, ಚಪ್ಪಲಿ ಬಿಡುತ್ತಾ ಒಂದೇ ಮಾತು ಅಂದ. "ಅವ್ರು ಇದ್ದಾಗ ಹೇಳಬೇಕಿತ್ತು."

ಅಪ್ಪ ಈಗಲೂ ಆ ಕತೆ ಹೇಳುತ್ತಾನೆ. ನಿನ್ನೆ ಕಟ್ಟೆಯ ಮೇಲೆ ಯಾರಿಗೋ ಹೇಳುತ್ತಿದ್ದ, ನಾನು ಒಳಗಿದ್ದೆ. ಒಬ್ಬ ಮಿಸ್ತ್ರಿ ಇದ್ದ, ನಮಾಜು ಅರ್ಧಕ್ಕೆ ಬಿಟ್ಟು ಬಂದು ಒಂದು ಊಟದ ಮಣೆಯಿಂದ ನನ್ನ ಜೀವ ಉಳಿಸಿದ ಎಂದ. ಕೇಳುವವನು ಉಳಿದವರೆಲ್ಲ ಏನು ಮಾಡುತ್ತಿದ್ದರು ಎಂದು ಕೇಳಿದ.

"ಮಂದಿ ಓಡಿ ಹೋತು," ಎಂದ ಅಪ್ಪ. "ಯಾರ್ಯಾರ ಇದ್ರು, ಈಗ ನೆನಪಿಲ್ಲ."