ಕಲ್ಲೂ ಇರಲಿ, ಸುತ್ತುದಾರಿಯೂ ಇರಲಿ

ಕೋಚ್ ಸರ್ ನಮ್ಮ ಮನೆಗೆ ಬಂದ ದಿನ ನಾನು ಚಟ್ನಿಪುಡಿಗೆಂದು ಶೇಂಗಾ ಹುರಿಯುತ್ತಿದ್ದೆ. ಅವರು ಹಾಗೆಲ್ಲ ಒಳಗೆ ಬಂದು ಕೂತವರಲ್ಲ. ನವನಗರದ ನಮ್ಮ ಮನೆಯ ಗೇಟಿನ ಹೊರಗೇ ಮೋಟಾರ್ ಸೈಕಲ್ಲಿನ ಮೇಲೆ ಕೂತೇ ನೆಲಕ್ಕೆ ಒಂದು ಕಾಲೂರಿ, ಮಗಳಿಗೆ ಹೇಳುವುದನ್ನು ಹೇಳಿ ಹೊರಟುಬಿಡುವವರು. ಅವತ್ತು ಚಪ್ಪಲಿ ಬಿಟ್ಟು ಒಳಗೆ ಬಂದರು. ನೀರು ಕೊಟ್ಟೆ. ಕುಡಿದು ಮುಗಿಸಿದ ಮೇಲೂ ಖಾಲಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು. ಒಂದು ಕಲ್ಲಿನ ವಿಷಯವಾಗಿ ನನ್ನ ಮಾತು ಕೇಳಲು ಬಂದಿದ್ದರು.

ಮೌಂಟೇನ್ ಬೈಕ್‌ನ ರಾಜ್ಯ ಚಾಂಪಿಯನ್‌ಶಿಪ್ ಈ ಸಲ ನಮ್ಮ ಕಡೆಗೆ ಬಂದಿತ್ತು. ಬಾದಾಮಿ ದಾಟಿ ಶಿವಯೋಗ ಮಂದಿರದ ಕಡೆ ಹೋಗುವಾಗ ಸಿಗುವ ಕೆಂಪುಕಲ್ಲಿನ ಗುಡ್ಡದಲ್ಲಿ ಅದರ ದಾರಿ ಹಾಕುವ ಕೆಲಸ ಕೋಚ್ ಸರ್ ಪಾಲಿಗೆ ಬಂದಿತ್ತು. ಜಾಲಿಕಂಟಿಯ ನಡುವೆ ಗುಡ್ಡ ಹತ್ತಬೇಕು, ಬಂಡೆಗಳ ಮೇಲಿಂದ ಇಳಿಯಬೇಕು, ಹೀಗೆ ಸುತ್ತು ಹಾಕುತ್ತಲೇ ಇರಬೇಕು. ಇಳಿಜಾರಿನ ನಡುವೆ ದೇವರೇ ಇಟ್ಟಂಥ ಒಂದು ಕಲ್ಲಿನ ಮೆಟ್ಟಿಲಿತ್ತು. ನನ್ನ ಮೊಣಕಾಲಿಗಿಂತ ಎತ್ತರ, ಸೊಂಟಕ್ಕಿಂತ ಕೆಳಗೆ. ಸೈಕಲ್ಲು ಅದರ ಅಂಚಿನಿಂದ ಗಾಳಿಗೆ ಹೋಗಿ ಕೆಳಗಿನ ನೆಲಕ್ಕೆ ಬೀಳಬೇಕು. ಅದಕ್ಕೆ ಮಕ್ಕಳು ಡ್ರಾಪ್ ಅನ್ನುತ್ತಾರೆ. ದಾರಿಯಲ್ಲಿ ಆ ಕಲ್ಲು ಇರಬೇಕೋ ಬೇಡವೋ ಎಂದು ತಂದೆತಾಯಿಗಳ ಸಭೆಯಲ್ಲಿ ಜಗಳವೇ ಆಗಿತ್ತಂತೆ. ಹುಡುಗನೊಬ್ಬನ ತಂದೆ ಎದ್ದು ನಿಂತು, ನಮ್ಮ ಮಕ್ಕಳು ರೋಡಿನ ಮ್ಯಾಲೆ ಹುಲಿ ಇದ್ದಾವ, ಅವನ್ನ ಕಲ್ಲಿನ ಮ್ಯಾಲೆ ಯಾಕ ಕುಣಸ್ತೀರಿ ಅಂದರಂತೆ. ಇನ್ನೊಬ್ಬರು, ಕಲ್ಲು ತೆಗೆದರೆ ಅದು ಚಾಂಪಿಯನ್‌ಶಿಪ್ ಯಾಕಾಗುತ್ತದೆ, ಹೊಲಕ್ಕೆ ಹೋಗಿ ಬಂದಂತಾಗುತ್ತದೆ ಅಂದರಂತೆ.

ನನ್ನನ್ನೇ ಕೇಳಲು ಕಾರಣವಿತ್ತು. ಹೋದ ವರ್ಷ ಬೇರೆ ಜಿಲ್ಲೆಯಲ್ಲಿ ಇಂಥದೇ ಒಂದು ಕಲ್ಲಿನಿಂದ ಬಿದ್ದು ಭುಜದ ಎಲುಬು ಮುರಿದುಕೊಂಡವಳು ನನ್ನ ಮಗಳು.

“ಅಕ್ಕಾರ, ನೀವು ಬ್ಯಾಡಂದ್ರ ನಾಳೆನ ದಾರಿ ಬ್ಯಾರೆ ಕಡೆ ತಿರುಗಸ್ತೇನ್ರಿ,” ಅಂದರು. “ಇರ್ಲಿ ಅಂದ್ರ, ಬಾಕಿ ಮಂದಿ ಯಾರೂ ನನ್ನ ಕೇಳಂಗಿಲ್ಲ. ನಿಮ್ಮ ಮ್ಯಾಲೆ ಮಾತಾಡೂ ಹಕ್ಕ ಯಾರಿಗೂ ಇಲ್ರಿ.”

ಅಷ್ಟರಲ್ಲಿ ಒಳಗೆ ಶೇಂಗಾ ಕರಕಾದ ವಾಸನೆ ಬಂತು. ಎದ್ದು ಹೋಗಿ ಒಲೆ ಆರಿಸಿದೆ. ಬೇಡ ಅನ್ನುವ ಮಾತು ಬಾಯಿಯ ತುದಿಯಲ್ಲೇ ಇತ್ತು. ಅದನ್ನು ಹೇಳದೆ ಉಳಿಯಲು ಆ ಶೇಂಗಾ ಕಾರಣವಾಯಿತು ಅಂತ ಈಗಲೂ ಅನಿಸುತ್ತದೆ.

ಮಗಳು ಬಿದ್ದ ಆ ದಿನಗಳಲ್ಲಿ ನಾನು ಎಲುಬಿಗೆ ಒಳ್ಳೆಯದೆಂದು ಅವಳಿಗೆ ಅಂಟಿನುಂಡಿ ಕಟ್ಟಿ ಕೊಟ್ಟೆ, ಜಡೆ ಹಾಕಿದೆ. ಎಂಟನೆಯ ಇಯತ್ತೆಯಿಂದ ತಲೆ ಮುಟ್ಟಗೊಡದವಳು ಕೈ ಎತ್ತಲಾಗದೆ ನನ್ನ ಮುಂದೆ ಬೆನ್ನು ಮಾಡಿ ಕೂಡುತ್ತಿದ್ದಳು. ನಾನು ಆ ಬೆನ್ನಿನ ಹಿಂದೆ ಕೂತು, ಇನ್ನು ಸೈಕಲ್ಲು ಸಾಕು ಅಂತ ಇವಳೇ ಹೇಳಿಯಾಳು ಎಂದು ಕಾಯುತ್ತಿದ್ದೆ. ಅವಳು ಹೇಳಲಿಲ್ಲ. ಎಲುಬು ಕೂಡಿ, ಮತ್ತೆ ಹೆಲ್ಮೆಟ್ಟು ತೆಗೆದುಕೊಂಡ ದಿನ ಒಂದೇ ಷರತ್ತು ಹಾಕಿದಳು. ನಾನು ನೋಡಲು ಬರಬಾರದು.

“ನಿನ್ನ ಮಾರಿ ನೋಡಿದ್ರ ನನ್ನ ಕೈ ತಾನ ಬ್ರೇಕಿಗೆ ಹೋಗ್ತದ ಮಮ್ಮಿ,” ಅಂದಳು.

ಸಿಟ್ಟಿನಿಂದ ಹೇಳಿದ್ದಲ್ಲ. ಕನ್ನಡಿಯ ಮುಂದೆ ನಿಂತು ನನ್ನ ಮುಖ ನೋಡಿಕೊಂಡೆ. ಇರುವ ಮುಖವೇ ಇತ್ತು.

ಇನ್ನೊಂದು ಮಾತು. ಮನೆಯಲ್ಲಿ ನಾನು ಅವಳಿಗೆ ಮಮ್ಮಿ. ಅವಳ ಸೈಕಲ್ಲಿನ ಗೆಳತಿಯರು ಹುನಗುಂದ, ಇಳಕಲ್ಲು, ಬೀಳಗಿ ಕಡೆಯ ಹುಡುಗಿಯರು. ಅವರ ಎದುರಿಗೆ ನನ್ನ ಮಾತು ಬಂದರೆ ‘ನಮ್ಮವ್ವ’ ಅನ್ನುತ್ತಾಳೆ. ನನ್ನ ಎದುರಿಗೆ ನನ್ನನ್ನು ಹಾಗೆ ಎಂದೂ ಕರೆದಿರಲಿಲ್ಲ.

ಅವತ್ತು ಕೋಚ್ ಸರ್‌ಗೆ, ಕಲ್ಲು ನೋಡಿಯೇ ಹೇಳುತ್ತೇನೆ ಎಂದೆ. ರಾತ್ರಿ ಊಟಕ್ಕೆ ಕೂತಾಗ ನಮ್ಮ ಮನೆಯವರು ನಕ್ಕರು. ಲೇಡೀಸ್ ಸೈಕಲ್ಲೂ ಹತ್ತದಾಕಿ ಏನು ನೋಡ್ತೀಯ ಅಂತ. ಅದೂ ನಿಜವೇ. ಕಾನ್ವೆಂಟಿನಲ್ಲಿ ನಾನು ಓಡಿದ ಒಂದೇ ಪಂದ್ಯ ಚಮಚ ಮತ್ತು ನಿಂಬೆಹಣ್ಣಿನದು. ನೆಟ್ಟಗೆ ಹೋಗಿ ಬರುವುದಲ್ಲ. ನಮ್ಮ ಸಿಸ್ಟರ್ ಮೈದಾನದ ನಡುವೆ ಒಂದು ಬಕೆಟ್ ಇಡುತ್ತಿದ್ದರು, ಅದನ್ನು ಸುತ್ತಿ ಬರಬೇಕಿತ್ತು. ಎಲ್ಲರ ನಿಂಬೆಹಣ್ಣೂ ಅಲ್ಲೇ ಬೀಳುತ್ತಿತ್ತು, ನನ್ನದೂ. ಆದರೂ ಮನೆಗೆ ಬಂದು ಹೇಳಿಕೊಳ್ಳಲು ಇದ್ದದ್ದು ಆ ಬಕೆಟ್ಟಿನ ಸುದ್ದಿಯೇ.

ರವಿವಾರ ಗುಡ್ಡಕ್ಕೆ ಹೋದೆವು. ಕೋಚ್ ಸರ್ ಮುಂದೆ, ನಾನು ನಡುವೆ, ಮಗಳು ಹಿಂದೆ. ದಾರಿಯುದ್ದಕ್ಕೂ ಅವಳ ಕೈ ಕಾಲು ಸುಮ್ಮನಿರಲಿಲ್ಲ. ತಂಗಡಿ ಹೂ ಹರಿದಳು, ಹರಳುಕಲ್ಲು ಒದ್ದಳು, ಶಿಳ್ಳೆ ಹಾಕಿದಳು. ಕಲ್ಲು ಬಂತು, ಅವಳು ಕುಕ್ಕರಗಾಲಿನಲ್ಲಿ ಕೂತು ಬೂಟಿನ ಲೇಸು ಬಿಚ್ಚಿ ಕಟ್ಟತೊಡಗಿದಳು. ಲೇಸು ಸಡಿಲಾಗಿರಲಿಲ್ಲ. ನಾನು ನೋಡಿದ್ದೆ.

ಕಲ್ಲಿನ ಮೇಲೆ ಹೋಗಿ ನಿಂತೆ. ಹೊಳೆಯ ಮರಳಿನಲ್ಲಿ ನೀರು ಬಿಟ್ಟುಹೋದ ಗೆರೆಗಳಿರುತ್ತವಲ್ಲ, ಅಂಥವೇ ಗೆರೆ ಅದರ ಮೈಮೇಲೆಲ್ಲ. ಚಪ್ಪಲಿಯಲ್ಲೂ ಕಾಲಿಗೆ ತಿಳಿಯುತ್ತಿದ್ದವು. ಅಂಚಿಗೆ ಹೋಗಿ ಕೆಳಗೆ ನೋಡಿ ಎರಡು ಹೆಜ್ಜೆ ಹಿಂದೆ ಸರಿದೆ. ಕೆಳಗೆ ನೋಡಬಾರದು, ಮುಂದಿನ ಆ ತಿರುವು ನೋಡಬೇಕು, ಮೈಭಾರ ಹಿಂದಕ್ಕೆ ಒಯ್ಯಬೇಕು, ಮುಂದಿನ ಬ್ರೇಕು ಮುಟ್ಟಬಾರದು ಎಂದು ಕೋಚ್ ಸರ್ ತಿಳಿಸಿ ಹೇಳಿದರು. ಅವರ ವಾದ ಸರಳವಾಗಿತ್ತು. ನಮ್ಮ ಮಕ್ಕಳಿಗೆ ಉಸಿರಿದೆ, ತೊಡೆಯಲ್ಲಿ ಬಲವಿದೆ. ಘಟ್ಟದ ಕಡೆಯ ಮಕ್ಕಳು ಬೇರು, ಬಂಡೆಗಳ ಮೇಲೇ ಕಲಿತವರು. ಇಲ್ಲಿ ಸಪಾಟು ದಾರಿ ಹಾಕಿ ನಮ್ಮವರನ್ನು ಗೆಲ್ಲಿಸಬಹುದು. ಮುಂದೆ ನ್ಯಾಷನಲ್ಸ್‌ನಲ್ಲಿ ಮೊದಲ ಸಲ ಇಂಥ ಕಲ್ಲು ನೋಡಿ ಅಲ್ಲಿ ಬೀಳುತ್ತಾರೆ. ನನಗೆ ಅದೂ ಖರೆ ಅನಿಸಿತು. ಸಭೆಯಲ್ಲಿ ಎದ್ದು ನಿಂತ ಆ ತಂದೆಯ ಮಾತೂ ಖರೆಯೇ. ಮುರಿಯುವುದು ಮಕ್ಕಳ ಎಲುಬು.

ಮಗಳನ್ನು ಕೇಳಿದೆ. ಲೇಸು ಕಟ್ಟುತ್ತಲೇ ಉತ್ತರ ಕೊಟ್ಟಳು.

“ನನ್ನ ಸಲುವಾಗಿ ತಗದ್ರ ನಾ ರೇಸಿಗೇ ಬರಂಗಿಲ್ಲ. ನನ್ನ ಸಲುವಾಗಿ ಇಡಲಿಕ್ಕೂ ಹೋಗಬ್ಯಾಡ್ರಿ ಮತ್ತ.”

ಹಾಗಾದರೆ ಕಲ್ಲಿನ ಪಕ್ಕದಿಂದ ಬೇರೆ ದಾರಿ ಇಲ್ಲವೇ ಎಂದೆ. ಇಡಬಹುದು, ಎಲ್ಲ ಕಡೆ ಇಡುತ್ತಾರೆ, ಅದಕ್ಕೆ ಬಿ ಲೈನ್ ಅನ್ನುತ್ತಾರೆ ಎಂದರು ಕೋಚ್ ಸರ್. ಆದರೆ ಅದು ತೀರ ಹತ್ತಿರದ್ದಾದರೆ ಯಾರೂ ಕಲ್ಲಿನ ಹತ್ತಿರ ಸುಳಿಯುವುದಿಲ್ಲ. ತೀರ ಉದ್ದವಾದರೆ ಸುಮ್ಮನೆ ಹೆಸರಿಗಷ್ಟೇ. ಸೋಲುವ ಭಯಕ್ಕೆ ಜಿಗಿಯಲಾರದವರೂ ಜಿಗಿಯುತ್ತಾರೆ. ನಾನು ಸೆರಗು ಸಿಕ್ಕಿಸಿಕೊಂಡು ಆ ಕಂಟಿಯಲ್ಲಿ ನಡೆದೇ ನೋಡಿದೆ. ಕಂಟಿಯ ಆಚೆ ಇದ್ದ ಒಂದು ದೊಡ್ಡ ಜಾಲಿಗಿಡದ ತನಕ ಹೋಗಿ, ಅದನ್ನು ಸುತ್ತಿ ಇಳಿದರೆ ಒಂದಿಷ್ಟು ಹೊತ್ತು ಹಿಡಿಯುತ್ತಿತ್ತು, ತೀರಾ ಹೆಚ್ಚಲ್ಲ.

“ಕಲ್ಲ ಇರ್ಲಿ. ಈ ದಾರಿನೂ ಇರ್ಲಿ,” ಅಂದೆ. “ಈ ದಾರಿ ಹಿಡದಾಕಿ ಸ್ವಲ್ಪ ಹಿಂದ ಬೀಳ್ಲಿ ಸರ್, ಆದ್ರ ಪೂರಾ ಸೋಲಬಾರದು.”

ಅವರು ಅಲ್ಲೇ ಸುಣ್ಣದಪುಡಿ ಸುರಿದು ಗುರುತು ಹಾಕಿದರು. ಈ ತೀರ್ಮಾನ ಎಲ್ಲರಿಗೂ ಹಿಡಿಸಿತು ಅನ್ನಲಾರೆ. ಸಭೆಯ ಆ ತಂದೆ ಕಾಯಿಪಲ್ಲೆ ಸಂತೆಯಲ್ಲಿ ಎದುರಾದರೆ ಬದನೆಕಾಯಿ ಆರಿಸುವುದರಲ್ಲೇ ಮುಳುಗಿಬಿಡುತ್ತಿದ್ದರು.

ಪಂದ್ಯದ ಹಿಂದಿನ ದಿನ ಸ್ವಯಂಸೇವಕರಿಗೆ ರೊಟ್ಟಿ, ಚಟ್ನಿ, ಮೊಸರು ಒಯ್ಯುವವರು ಬೇಕಾಗಿದ್ದರು. ಆ ನೆಪದಲ್ಲಿ ನನಗೆ ಮಗಳಿಂದ ಪರವಾನಗಿ ಸಿಕ್ಕಿತು. ಮಗಳ ಜೊತೆ ಗುಡ್ಡದ ಬುಡದಲ್ಲಿ ಇಳಿದು ನೋಡಿದರೆ ಕೋಚ್ ಸರ್ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾರೆ.

ದಾರಿಯನ್ನೆಲ್ಲ ಯಾರೋ ಗುಡಿಸಿದ್ದರು. ಬಾಜುವಿನ ಊರಿನ ಹೆಣ್ಣುಮಕ್ಕಳಿಗೆ, ರಾಜ್ಯದ ಮೂಲೆಮೂಲೆಯಿಂದ ಮಕ್ಕಳು ಬರುತ್ತಾರೆ ಅಂತ ಮಾತ್ರ ಸುದ್ದಿ ಮುಟ್ಟಿತ್ತು. ಬೀಗರು ಬರುವ ಮನೆಯ ಅಂಗಳದ ಹಾಗೆ ಅವರು ಅದನ್ನು ಕಸಬರಿಗೆ ಹಿಡಿದು ಹಸನು ಮಾಡಿದ್ದರು. ಕೋಚ್ ಸರ್ ವಾರಗಟ್ಟಲೆ ಅಳತೆ ಮಾಡಿ ಜೋಡಿಸಿದ್ದ ಗುಂಡುಕಲ್ಲುಗಳು ಬದಿಗೆ ಗುಂಪಾಗಿ ಬಿದ್ದಿದ್ದವು. ಸ್ಟಾರ್ಟಿನಲ್ಲಿ ನೆಲಕ್ಕೆ ನೀರಿನ ಥಳಿ ಹೊಡೆದು ಬಣ್ಣದ ರಂಗೋಲಿ ಹಾಕಿದ್ದರು. ಅಷ್ಟೇ ಅಲ್ಲ, ಆ ದೊಡ್ಡ ಕಲ್ಲಿನ ಕೆಳಗೆ ಚಪ್ಪಟೆ ಕಲ್ಲುಗಳನ್ನು ಒಂದರ ಮೇಲೊಂದು ಇಟ್ಟು, ಸಂದಿಗೆ ಹಸಿಮಣ್ಣು ಮೆತ್ತಿ, ಎಂಥ ಚೆಂದ ಪಾವಟಿಗೆ ಕಟ್ಟಿದ್ದರೆಂದರೆ ಕೂಸು ಸಹ ಇಳಿದು ಹೋಗಬಹುದಿತ್ತು. ಅವರ ಹಿರಿಯಳು, ಹಣೆತುಂಬ ವಿಭೂತಿಯ ಒಬ್ಬ ಮುದುಕಿ, ಕೈಯ ಮಣ್ಣು ಝಾಡಿಸುತ್ತಾ ನಿಂತಿದ್ದಳು.

“ಮಂದಿ ಮಕ್ಕಳು ಬರ್ತಾವಂತ. ಇಲ್ಲಿ ಹಲ್ಲ ಮುರಕೊಂಡು ಹೋದ್ರ ನಮ್ಮೂರ ಹೆಸರ ಏನ ಉಳೀತೈತಿ ಯವ್ವಾ?” ಎಂದಳು.

ಮೊದಲು ನನಗಾದದ್ದು ಹೇಳಿಯೇಬಿಡುತ್ತೇನೆ. ಎದೆಯ ಮೇಲಿನ ಭಾರ ಯಾರೋ ಇಳಿಸಿಕೊಂಡಂತಾಯಿತು. ಕಲ್ಲು ಇನ್ನು ಕಲ್ಲಾಗಿ ಉಳಿದಿರಲಿಲ್ಲ. ಬೇಡ ಎಂದವಳು ನಾನಲ್ಲ, ತೆಗೆದವರು ಕೋಚ್ ಸರ್ ಅಲ್ಲ. ಯಾರ ಮೇಲೂ ಮಾತಿಲ್ಲ. ಇದ್ದಂತೆಯೇ ಬಿಟ್ಟರೆ ಮುಗಿಯಿತು.

ತಿರುಗಿ ನೋಡಿದರೆ ಮಗಳು ಕಲ್ಲು ನೋಡುತ್ತಿರಲಿಲ್ಲ. ನನ್ನ ಮುಖ ನೋಡುತ್ತಿದ್ದಳು.

ಬುಟ್ಟಿ ಕೆಳಗಿಟ್ಟು, ಸೆರಗು ಬಿಗಿದು, ಮೇಲಿನ ಮೊದಲ ಕಲ್ಲು ನಾನೇ ಎತ್ತಿದೆ. ಹಸಿಮಣ್ಣು ಹಿಡಿದುಕೊಂಡಿತ್ತು, ಎರಡು ಸಲ ಎಳೆದಾಗ ಕಿತ್ತು ಬಂತು. ಒಂದು ಉಗುರೂ ಹೋಯಿತು. ಇವಳಿಗೇನಾಯಿತು ಎಂಬಂತೆ ಮುದುಕಿ ನೋಡಿದಳು.

“ಆಯಿ, ಅವು ಇದನ್ನ ಜಿಗೀಲಿಕ್ಕೇ ಅಷ್ಟ ದೂರದಿಂದ ಬರ್ತಾವ,” ಎಂದೆ.

“ಮೊದಲ ಹೇಳಾಕ ಏನಾಗಿತ್ತು? ಮುಂಜಾನಿಂದ ನಮ್ಮ ಟೊಂಕ ಮುರದ್ವು,” ಎಂದು ಬೈದಳು. ಬೈಯುತ್ತಲೇ ಎರಡನೆಯ ಕಲ್ಲಿಗೆ ಕೈ ಹಾಕಿದಳು. ಉಳಿದವರೂ ನಗುತ್ತ ಬಂದರು. ಕಟ್ಟಲು ಅರ್ಧ ದಿನ ಹಿಡಿದದ್ದು ಕಿತ್ತುಹಾಕಲು ಎಷ್ಟು ಹೊತ್ತು. ಬದಿಗೆ ಸರಿಸಿದ್ದ ಗುಂಡುಕಲ್ಲುಗಳನ್ನೂ ಕೋಚ್ ಸರ್ ತೋರಿಸಿದಲ್ಲಿ ಮತ್ತೆ ತಂದಿಟ್ಟರು. ರಂಗೋಲಿ ಮಾತ್ರ ಅಳಿಸಬಾರದು ಎಂದು ಕೋಚ್ ಸರ್ ಹತ್ತಿರ ಮಾತು ತೆಗೆದುಕೊಂಡರು. ಮರುದಿನ ರಾಜ್ಯದ ಅಷ್ಟೂ ಮಕ್ಕಳು ಆ ರಂಗೋಲಿಯ ಮೇಲಿಂದಲೇ ಪಂದ್ಯ ಶುರು ಮಾಡಿದರು.

ಕಲ್ಲಿನ ಹತ್ತಿರ ನಿಂದರಬೇಡ, ಬೇಕಾದರೆ ಜಾಲಿಗಿಡದ ಬುಡದಲ್ಲಿ ನಿಲ್ಲು ಎಂದು ಮಗಳು ಅಪ್ಪಣೆ ಕೊಟ್ಟಿದ್ದಳು. ಅಲ್ಲಿಂದ ಕಲ್ಲು ಕಾಣುವುದಿಲ್ಲ. ಸುತ್ತುದಾರಿ ಹಿಡಿದವರಷ್ಟೇ ಕಣ್ಣ ಮುಂದೆ ಬರುತ್ತಾರೆ. ಅಂದರೆ ಅವಳು ಕಂಡರೆ ಕಲ್ಲು ಬಿಟ್ಟಳು ಅಂತ. ಕಾಣದಿದ್ದರೆ ಜಿಗಿದಳು ಅಂತ.

ಹುಡುಗಿಯರ ಪಂದ್ಯ ಶುರುವಾಯಿತು. ಮೊದಲು ಬಂದದ್ದು ಹುನಗುಂದದ ಹುಡುಗಿ ಎಂದು ಮೈಕಿನಲ್ಲಿ ಹೇಳಿದರು. ಕಾಣಲಿಲ್ಲ, ಕೇಳಿಸಿದಳು. ಚೈನಿನ ಸದ್ದು ಬರುತ್ತ ಬರುತ್ತ ಥಟ್ಟನೆ ನಿಂತುಹೋಯಿತು. ಏನೂ ಇಲ್ಲ. ಆಮೇಲೆ ಗಾಲಿ ನೆಲಕ್ಕೆ ಬಡಿದ ಧಪ್ ಸದ್ದು, ಮಂದಿಯ ಚಪ್ಪಾಳೆ. ಆ ಏನೂ ಇಲ್ಲದ ಹೊತ್ತಿನಲ್ಲಿ ನಾನು ಜಾಲಿಯ ತೊಗಟೆ ಗಟ್ಟಿಯಾಗಿ ಹಿಡಿದಿದ್ದೆ. ಅವಳ ಹಿಂದೆ ಇನ್ನೊಬ್ಬಳು ಜಿಗಿದಳು. ಆಮೇಲೆ ಕಂಟಿ ಅಲುಗಿ, ನನ್ನ ಮಗಳು ಗಿಡವನ್ನು ಸುತ್ತಿ ಬಂದಳು. ನನ್ನ ಮುಖ ನೋಡಿದಳು. ಕೈ ಬ್ರೇಕಿಗೆ ಹೋಗಲಿಲ್ಲ. ಇಳಿದು ಹೋಗಿಬಿಟ್ಟಳು.

ಪ್ರತಿ ಸುತ್ತಿನಲ್ಲೂ ಹೀಗೆಯೇ ಬಂದಳು. ಏರಿನಲ್ಲಿ ಒಬ್ಬಿಬ್ಬರನ್ನು ಹಿಂದೆ ಹಾಕುವುದು, ಇಲ್ಲಿ ಕಳೆದುಕೊಳ್ಳುವುದು. ಕೊನೆಯ ಸುತ್ತಿನಲ್ಲಿ ಅವಳೂ ಇಳಕಲ್ಲಿನ ಹುಡುಗಿಯೂ ಜೊತೆಜೊತೆಗೇ ಇಳಿಯುತ್ತಿದ್ದಾರೆಂದು ಮೈಕಿನಲ್ಲಿ ಹೇಳಿದರು. ಮೂರನೆಯ ಸ್ಥಾನ ಅವರಿಬ್ಬರಲ್ಲಿ ಒಬ್ಬರಿಗೆ. ಈ ಸಲ ಬರುವುದಿಲ್ಲ ಅಂದುಕೊಂಡೆ. ಧಪ್ ಎಂದಿತು. ಅವಳೇ ಎಂದುಕೊಂಡೆ. ಅಷ್ಟರಲ್ಲಿ ಕಂಟಿ ಅಲುಗಿತು. ಬಂದಳು. ಹಲ್ಲು ಕಚ್ಚಿ, ಮುಖವೆಲ್ಲ ಕೆಂಪುಧೂಳಾಗಿ, ಸುತ್ತುದಾರಿಯಲ್ಲೇ ಬಂದಳು.

ನಾಲ್ಕನೆಯವಳಾಗಿ ಮುಗಿಸಿದಳು. ಪದಕ ಇಳಕಲ್ಲಿಗೆ ಹೋಯಿತು. ಒಬ್ಬಳ ಮೊಣಕೈ ತರಚಿದ್ದು ಬಿಟ್ಟರೆ ದಿನವಿಡೀ ಯಾರಿಗೂ ಏನೂ ಆಗಲಿಲ್ಲ. ಆಂಬುಲೆನ್ಸಿನ ಡ್ರೈವರ್ ಕಿಟಕಿಯಿಂದ ಕಾಲು ಹೊರಚಾಚಿ ಮಲಗಿದ್ದ. ಸಭೆಯ ಆ ತಂದೆ ತಾವಾಗಿ ಬಂದು, ಅಕ್ಕಾರ, ಎಲ್ಲಾ ಛಲೋ ಆತು ನೋಡ್ರಿ ಎಂದರು.

ಮಗಳಿಗೆ ನೀರಿನ ಬಾಟಲಿ ಕೊಟ್ಟೆ. ನೀ ಬ್ರೇಕ್ ಹಿಡೀಲಿಲ್ಲ ಎಂದೆ. ನಿನ್ನ ಮಾರಿ ಇವತ್ತ ಛಲೋ ಇತ್ತು ಎಂದಳು. ಬಾಟಲಿ ಖಾಲಿ ಮಾಡಿ, ಪ್ರತಿ ಸಲ ಕಲ್ಲಿನ ಕಡೆಗೆ ನೋಡಿದೆ, ಭುಜ ಬ್ಯಾಡಂತು ಎಂದಳು. ಆ ದಾರಿ ಇರದಿದ್ದರೆ ನಾಚಿಕೆಗೆ ಜಿಗಿದು ಬಿದ್ದಿರುತ್ತಿದ್ದಳಂತೆ. ಅಳು ಇರಲಿಲ್ಲ, ಸಿಟ್ಟೂ ಇರಲಿಲ್ಲ. ನಾಲ್ಕನೆಯ ಸ್ಥಾನವನ್ನು ತಾನೇ ಕೊಂಡು ತಂದ ಸಾಮಾನಿನಂತೆ ಹೊತ್ತುಕೊಂಡಿದ್ದಳು.

ಊರಿಗೆ ಮರಳುವಾಗ ನಮ್ಮ ಮನೆಯವರು ಕೆರೂರಿಗೆ ನೇರ ಹೋಗದೆ ಕುಳಗೇರಿ ಕ್ರಾಸಿನ ಮೇಲಿಂದ ಗಾಡಿ ತಂದರು. ದೂರವಾದರೂ ಅಲ್ಲಿ ಮಿರ್ಚಿ ಭಜಿ ಚೆನ್ನಾಗಿರುತ್ತದೆ ಅಂತ. ಬಂಡಿಯ ಮುಂದೆ ಗದ್ದಲವಿತ್ತು. ಮಗಳು ಜನರ ತಲೆಗಳ ಮೇಲಿಂದ ಕೈ ಚಾಚಿ ಪ್ಲೇಟು ತೆಗೆದುಕೊಂಡಳು. ಎಲುಬು ಮುರಿದ ಕಡೆಯ ಕೈ. ಕಿವಿಯ ತನಕ ಸರಾಗ ಎದ್ದಿತು.

ಭಜಿಯ ತುದಿ ಮುರಿಯುತ್ತ ಅಂದಳು, “ಅವ್ವಾ, ಮುಂದಿನ ಐತವಾರ ಆ ಕಲ್ಲಿನ ಹತ್ರ ಹೋಗೂಣೇನು? ಮಂದಿ ಇರಂಗಿಲ್ಲ. ಒಂದ ಸಲ ಜಿಗದ ನೋಡಬೇಕಂತೇನಿ.”

ನಾನು ಎಲ್ಲಿ ನಿಲ್ಲಲಿ ಎಂದು ಕೇಳಿದೆ.

“ಕಲ್ಲಿನ ಕೆಳಗ ನಿಂದ್ರು,” ಎಂದಳು. “ನನಗ ಕಾಣೂ ಹಂಗ.”