ಗಿರಾಕಿಯ ಪಾತ್ರ

ಸರ್ ಅವರ ಎಡಗಿವಿಯ ಹಿಂದೆ ಸೋಮವಾರವೂ ಒಂದಿಷ್ಟು ಗುಲಾಬಿ ಬಣ್ಣ ಉಳಿದಿರುತ್ತಿತ್ತು. ರಟ್ಟೀಹಳ್ಳಿ ಸುತ್ತಿನ ಊರುಗಳ ನಾಟಕದಲ್ಲಿ ಪಾರ್ಟು ಮಾಡಿ ಬಂದವರು, ಎಷ್ಟು ತಿಕ್ಕಿ ತೊಳೆದರೂ ಅದೊಂದು ಕಡೆ ಮರೆಯುತ್ತಿದ್ದರು. ಹಿರೇಕೆರೂರಿನ ಕಾಲೇಜಿನಲ್ಲಿ ನಮಗೆ, ಬಿಬಿಎ ಹುಡುಗ ಹುಡುಗಿಯರಿಗೆ, ಮ್ಯಾನೇಜ್‌ಮೆಂಟ್ ಕಲಿಸುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಕೂತು ಆ ಬಣ್ಣ ನೋಡಿ ಕಿಸಕ್ಕನೆ ನಗುತ್ತಿದ್ದೆವು. ಭಾಳ ಕಿಡಿಗೇಡಿಗಳು ನಾವು!

ಅವರ ಪಾಠವೂ ನಾಟಕವೇ. ನೋಟ್ಸ್ ಕೇಳಿದರೆ, "ನೋಟ್ಸ್ ಝೆರಾಕ್ಸ್ ಅಂಗಡ್ಯಾಗ ಸಿಗ್ತಾವು. ಎದ್ದು ಬರ್ರಿ, ಪಾರ್ಟ್ ಮಾಡ್ರಿ" ಅನ್ನುವರು. ಒಬ್ಬ ಮ್ಯಾನೇಜರ್, ಇನ್ನೊಬ್ಬ ಕೆಲಸ ಕಳಕೊಂಡವ. ಹತ್ತು ನಿಮಿಷಕ್ಕೆ ಪಾತ್ರ ಅದಲುಬದಲು. ಬೈದವನೇ ಬೈಸಿಕೊಳ್ಳಬೇಕು. ಪ್ರಸಂಗ ಮಾತ್ರ ನಾವು ಕಣ್ಣಾರೆ ಕಂಡದ್ದಿರಬೇಕು, ಯಾರ ಹೆಸರೂ ಹೇಳಬಾರದು.

ನಾನೊಬ್ಬಳು ಪೆದ್ದಿ, ಹಂಸಭಾವಿಯ ನಮ್ಮ ಬಟ್ಟೆ ಅಂಗಡಿಯನ್ನೇ ಎತ್ತಿ ತಂದೆ. ಬಣ್ಣ ಬಿಟ್ಟ ಸೀರೆ ವಾಪಸು ತಂದ ಹೆಣ್ಣುಮಗಳು, ಪೇಪರಿನಿಂದ ಮುಖ ಎತ್ತದೆ, "ತಗೊಳ್ಳೂ ಮುಂದ ಕಣ್ಣ ಇದ್ದಿದ್ದಿಲ್ಲೇನು?" ಅನ್ನುವ ಮಾಲಕ. ಆ ಮಾಲಕ ನಾನೇ. ಅಪ್ಪನ ಟೋಪಿ ಹಾಕಿಕೊಂಡು, ಅವನು ಗಂಟಲು ಸರಿಮಾಡಿಕೊಳ್ಳುವುದನ್ನೂ ಬಿಡದೆ ಆಡಿದೆ. ಪಾಲಕರ ಸಭೆಗೂ ಅದನ್ನೇ ಆಡಿಸಿದರು. ಬರೋದಿಲ್ಲ ಅಂದಿದ್ದ ಅಪ್ಪ ಬಂದು ಕೂತುಬಿಟ್ಟಿದ್ದ. ಸಭೆಯೆಲ್ಲ ಬಿದ್ದು ಬಿದ್ದು ನಗುವಾಗ ಎದ್ದು ಹೋದ. ಮನೆಯಲ್ಲಿ ಒಂದೇ ಮಾತು: "ನಾಳಿಂದ ಕಾಲೇಜ್ ಬಂದ್."

ಎರಡು ವಾರ ಅಂಗಡಿಯಲ್ಲಿ ಸೀರೆ ಮಡಚುತ್ತ ಕೂತೆ. ನನ್ನ ಓದು ಮುಗಿಯಿತು ಅಂತಲೇ ತಿಳಿದಿದ್ದೆ. ಒಂದು ಮಧ್ಯಾಹ್ನ ಸರ್ ಬಂದರು. ಅಪ್ಪ ಪೇಪರು ಅಡ್ಡ ಹಿಡಿದ.

"ತಪ್ಪು ನಂದ್ರೀ ಯಜಮಾನ್ರ. ಆಟ ಅರ್ಧಕ್ಕ ನಿಂತೈತಿ. ಪಾತ್ರ ಬದಲಿ ಮಾಡೂದಿತ್ತು, ಅಷ್ಟರಾಗ ನೀವು ಎದ್ದು ಹೋದ್ರಿ. ಈಗ ನಾ ಮಾಲಕ, ನೀವು ಗಿರಾಕಿ."

"ನನಗ ನಾಟಕ ಬರೂದಿಲ್ರಿ."

"ಗಿರಾಕಿ ಆಗಾಕ ನಾಟಕ ಯಾಕ ಬೇಕ್ರಿ? ಸುಮ್ನ ಬಂದು ನಿಂದರ್ರಿ."

ಅಪ್ಪನಿಗೆ ಏನನಿಸಿತೋ, ಗಾದಿ ಇಳಿದು ಒಂದು ಸೀರೆ ಹಿಡಿದು ನಿಂತ. ಸರ್ ಗಾದಿಯೇರಿ ಪೇಪರು ಬಿಚ್ಚಿದರು.

"ಬಣ್ಣ ಹೋಗೇತ್ರಿ," ಅಂದ ಅಪ್ಪ. ಸರ್ ಮುಖ ಎತ್ತಲಿಲ್ಲ. ಮತ್ತೊಮ್ಮೆ ಅಂದ. ಸರ್ ಹಾಳೆ ತಿರುವಿದರು. ಅಪ್ಪ ನಿಂತೇ ಇದ್ದ, ಮುಖ ಸಣ್ಣದಾಗಿತ್ತು. ಕೊನೆಗೆ ನನ್ನ ಕಡೆ ತಿರುಗಿ, "ನಾ ಹಿಂಗ ಮಾಡ್ತೇನೇನ?" ಅಂದ.

"ಹೂಂನಪ್ಪಾ," ಅಂದೆ.

ಮರುದಿನ ನಾನು ಕಾಲೇಜಿಗೆ ಹೋದೆ.

ಈಗ ಶಿಗ್ಗಾವಿಯ ಕಾಲೇಜೊಂದರಲ್ಲಿ ಅದೇ ವಿಷಯ ಕಲಿಸುತ್ತೇನೆ. ಸರ್ ಅವತ್ತು ಬಾರದಿದ್ದರೆ ಇನ್ನೂ ಸೀರೆ ಮಡಚುತ್ತಿದ್ದೆ. ಈ ಋಣ ತೀರುವಂಥದ್ದಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಸಂತೆಯ ದಿನವಾದರೂ ಅಪ್ಪ ಅಂಗಡಿ ಮುಚ್ಚಿ ನನ್ನ ಜೊತೆ ಮಣ್ಣು ಕೊಡಲು ಬಂದ. ವಾಪಸು ಬರುವಾಗ ಬಸ್ಸಿನಲ್ಲಿ, "ಅವತ್ತ ಸೀರಿ ಹಿಡಕೊಂಡು ಅವ್ರ ಮುಂದ ನಿಂತಾಗ ನನಗ ಅಳು ಬಂದಿತ್ತವಾ," ಅಂದ. "ಅವ್ರಿಗೆ ಹೇಳಲೇ ಇಲ್ಲ ನೋಡು."