ಇಲಿಗಳಿಗೆ ಪಥ್ಯ ಇರಲಿಲ್ಲ

1977ರ ಶ್ರಾವಣ. ಔಷಧಶಾಸ್ತ್ರ ಓದುತ್ತಿದ್ದ ನಾನು ನೆಲನೆಲ್ಲಿ ಗಿಡ ತರಲು ಸಿಂದಗಿಯಿಂದ ಮೋರಟಗಿಗೆ ಬಸ್ ಹತ್ತಿದ್ದೆ. ಶೆರೆ, ಅಂದರೆ ಸಾರಾಯಿ, ಕುಡಿಸಿದ ಇಲಿಗಳಿಗೆ ಆ ಗಿಡದ ರಸ ಕೊಟ್ಟರೆ ಲಿವರ್ ಉಳಿಯುತ್ತದೆಯೇ ಎಂಬುದು ನಮ್ಮ ಕಾಲೇಜಿನ ಪ್ರಯೋಗ. ಮೊದಲ ಸುತ್ತಿನಲ್ಲೇ ಒಳ್ಳೆಯ ಫಲಿತಾಂಶ ಬಂದಿದ್ದರಿಂದ ನಾನು ಬೀಗುತ್ತಿದ್ದೆ.

ಮೋರಟಗಿಯ ದ್ಯಾಮವ್ವ ಎಂಬ ಮುದುಕಿ ಕಾಮಣಿ ಎಂಬ ಕಾಮಾಲೆ ರೋಗಕ್ಕೆ ಇದೇ ಸೊಪ್ಪನ್ನು ಅರೆದು ಮಜ್ಜಿಗೆಯಲ್ಲಿ ಕೊಡುತ್ತಿದ್ದಳು. ಔಷಧಿಗಿಂತ ಅವಳ ಪಥ್ಯವೇ ದೊಡ್ಡದು. ಎಣ್ಣೆ ಇಲ್ಲ, ಖಾರ ಇಲ್ಲ, ಶೆರೆಯನ್ನಂತೂ ಜನ್ಮದಲ್ಲಿ ಮುಟ್ಟುವಂತಿಲ್ಲ. ಆ ದಿನ ಅವಳ ಕಟ್ಟೆಯ ಮೇಲೆ ದರ್ಜಿ ಹಣಮಂತ ಕುಳಿತಿದ್ದ. ಕುಡಿದು ಕುಡಿದು ಕಾಮಣಿ ತಂದುಕೊಂಡವನು. ತಿಂಗಳ ಪಥ್ಯದಿಂದ ಕಣ್ಣಿನ ಹಳದಿ ಇಳಿದಿತ್ತು. ಪಕ್ಕದಲ್ಲಿ ಅವನ ಹೆಂಡತಿ ಕಾಶವ್ವ.

"ಪಥ್ಯ ಬಿಟ್ರ ನನ್ನ ಔಷಧ ಹತ್ತಂಗಿಲ್ಲ," ಎಂದಳು ದ್ಯಾಮವ್ವ.

ನಾನು ಸುಮ್ಮನಿರಬೇಕಿತ್ತು. ಕಲಿತವನೆಂಬ ಜಂಬ ಬಿಡಬೇಕಲ್ಲ. "ನಮ್ಮ ಇಲಿಗೋಳಿಗೆ ಪಥ್ಯಾನ ಇಲ್ಲ ಆಯಿ. ಮುಂಜಾನಿ ರಸ, ಸಂಜಿಕ ಶೆರೆ. ಆದ್ರೂ ಲಿವರ್ ಚಲೋ ಅದಾವ," ಎಂದೆ.

ಹಣಮಂತ ಮುಂದಕ್ಕೆ ಬಾಗಿದ. "ಅಂದ್ರ ಇದನ್ನ ತಗೊಂಡು ಕುಡಿದ್ರೂ ನಡೀತೈತೇನ್ರಿ ಸರ?"

"ಇಲಿಗಂತೂ ನಡದೈತಿ," ಎಂದು ನಕ್ಕೆ. ದ್ಯಾಮವ್ವ ನಗಲಿಲ್ಲ. ಗಿಡದ ಚೀಲ ಹೊತ್ತುಕೊಂಡು ಬಂದುಬಿಟ್ಟೆ.

ಸಂಕ್ರಾಂತಿ ಮುಗಿದ ಮೇಲೆ, ಅವಳು ಒಣಗಿಸಿಟ್ಟ ಸೊಪ್ಪಿಗಾಗಿ ಮತ್ತೆ ಹೋದೆ. ಹಣಮಂತನ ಅಂಗಡಿ ಮುಚ್ಚಿತ್ತು. ದ್ಯಾಮವ್ವನ ಕಟ್ಟೆಯ ಮೇಲೆ ಕಾಶವ್ವ ಸೊಪ್ಪು ಹಸನು ಮಾಡುತ್ತಿದ್ದಳು. ಹಣೆಯಲ್ಲಿ ಕುಂಕುಮವಿರಲಿಲ್ಲ.

"ಮುಂಜಾನಿ ಸೊಪ್ಪು ತಿಂತಿದ್ರು, ಸಂಜಿಕ ಕುಡೀತಿದ್ರು," ಎಂದಳು. "ಬ್ಯಾಡ್ರಿ ಅಂದ್ರ, ಸಿಂದಗಿ ಸರ್ ಹೇಳ್ಯಾರ, ನಡೀತೈತಿ ಅಂತಿದ್ರು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ದ್ಯಾಮವ್ವ ಒಳಗಿಂದ ಬಂದು ಕೇಳಿದಳು: "ತಮ್ಮಾ, ನಿನ್ನ ಇಲಿ ಈಗ ಆರಾಮ ಅದಾವೇನಪಾ?"

ಲಿವರ್ ನೋಡಬೇಕೆಂದರೆ ಇಲಿಯನ್ನು ಕೊಯ್ಯಲೇಬೇಕು. ಹದಿನೈದನೆಯ ದಿನ ಅವನ್ನೆಲ್ಲ ಕೊಂದಿದ್ದೆವು. ಇನ್ನೊಂದು ತಿಂಗಳು ಕುಡಿದಿದ್ದರೆ ಅವುಗಳ ಗತಿ ಏನಾಗುತ್ತಿತ್ತೋ ನಮಗೇ ಗೊತ್ತಿರಲಿಲ್ಲ. ಹಣಮಂತನಿಗೆ ನಾನು ಹೇಳದೆ ಬಿಟ್ಟಿದ್ದು ಇದೊಂದೇ.

"ಒಂದೂ ಉಳದಿಲ್ಲ ಆಯಿ. ನಾವ ಕೊಯ್ದೇವಿ," ಎಂದೆ.

ಕಾಶವ್ವನ ಕೈ ಸೊಪ್ಪಿನ ಮೇಲೆ ನಿಂತಿತು. ಮತ್ತೆ ಕಡ್ಡಿ ಆರಿಸತೊಡಗಿದಳು.

ಆಮೇಲೆ ನಾನೂ ಮೇಷ್ಟ್ರಾದೆ, ಎಷ್ಟೋ ಪ್ರಯೋಗ ಮಾಡಿಸಿದೆ. "ನಡೀತೈತೇನ್ರಿ ಸರ?" ಎಂದು ಯಾರೇ ಕೇಳಿದರೂ ಇಂದಿಗೂ ನಕ್ಕು ಉತ್ತರ ಕೊಡಲಾರೆ. ನನಗೆ ಹೆಚ್ಚು ನಾಚಿಕೆಯಾಗುವುದು ಮಾತ್ರ ಬೇರೆಯದಕ್ಕೆ. ಅಂದು ಕಾಶವ್ವನಿಗೆ 'ತಪ್ಪಾತು' ಎನ್ನುವ ಧೈರ್ಯವೂ ಬರಲಿಲ್ಲ. ಅವಳು ಹಸನು ಮಾಡಿಕೊಟ್ಟ ಸೊಪ್ಪನ್ನೇ ಚೀಲಕ್ಕೆ ತುಂಬಿಕೊಂಡು ಬಸ್ ಹತ್ತಿದೆ.